ಹಿತ್ತಲ ಓಣಿಯ ಚರಿತ್ರೆ

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೇ ಬೀದಿಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಸಣ್ಣ ಓಣಿ ಇರುತ್ತೆ. ಕೆಲವನ್ನು ಅಕ್ಕಪಕ್ಕದ ಮನೆಯವರು ನುಂಗಿ ನೀರು ಕುಡಿದಿದ್ದಾರೆ, ಕೆಲವು ಹಾಗೇ ಉಳಿದಿವೆ. ಮುನಿಸಿಪಾಲಿಟಿ ಕಾಗದದಲ್ಲಿ ಅದರ ಹೆಸರು ಕನ್ಸರ್ವೆನ್ಸಿ ಲೇನ್. ಕನ್ಸರ್ವ್ ಅಂದರೆ ಕಾಪಾಡೋದು ಅಂತ ನಿಘಂಟು ಹೇಳುತ್ತೆ. ಅಲ್ಲಿ ಏನನ್ನು ಕಾಪಾಡ್ತಿದ್ದರು? ಮನೆಯ ಮುಂಬಾಗಿಲನ್ನು. ರಂಗೋಲಿ ಹಾಕಿದ ಹೊಸಲಿನ ಮುಂದೆ ತೋಟಿ ಕಾಣಿಸಿಕೊಳ್ಳಬಾರದು. ಅವನು ಹಿಂದಿನಿಂದ ಬರಬೇಕು, ಹಿಂದಿನ ಕಿಂಡಿಯಿಂದ ಮಲದ ಬಕೆಟ್ಟನ್ನು ಎಳೆದುಕೊಳ್ಳಬೇಕು, ಹಿಂದಿನಿಂದಲೇ ಹೋಗಬೇಕು. ಚಾಮರಾಜಪೇಟೆ 1892ರದ್ದು. ಉಳಿದೆರಡು ಬಡಾವಣೆಗಳು 1898ರ ಪ್ಲೇಗಿನ ಮಾರಿ ಊರಿಗೆ ಹೊಕ್ಕ ಸುಮಾರಿನಲ್ಲಿ ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಪಾರ್ಕು ಅಂತ ಊರಿನ ಚರಿತ್ರೆ ಬರೆದೋರು ಇವನ್ನು ಹೊಗಳಿದ್ದಾರೆ. ನಿಜ, ಗಾಳಿ ಬೆಳಕು ಚೆನ್ನಾಗಿದೆ. ನಮ್ಮ ಚರಿತ್ರೆ ಮಾತ್ರ ಆ ಓಣಿಯಲ್ಲಿದೆ. ಊರು ಬೇರೆ, ಕೇರಿ ಬೇರೆ ಅನ್ನೋ ಹಳ್ಳಿಯ ಗೆರೆಯನ್ನು ಎಂಜಿನಿಯರುಗಳು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದರು, ಅಷ್ಟೆ.

ಈಗ ಪರಿಸರದ ಬಗ್ಗೆ ಮಾತಾಡುವ ಬಹಳ ಜನ ಒಂದು ಮಾತು ಹೇಳ್ತಾರೆ: ನಮ್ಮ ಹಳ್ಳಿಗಳಲ್ಲಿ ಕಸ ಅನ್ನೋದೇ ಇರಲಿಲ್ಲ, ಎಲ್ಲವೂ ಮರುಬಳಕೆ ಆಗ್ತಿತ್ತು ಅಂತ. ಅರ್ಧ ಒಪ್ಪೋಣ. ಅಕ್ಕಿ ತೊಳೆದ ನೀರು, ಮುಸುರೆ ಎಲ್ಲ ಕಲಗಚ್ಚಾಗಿ ಎಮ್ಮೆ ಮುಂದಕ್ಕೆ ಹೋಗ್ತಿತ್ತು. ಒಲೆ ಬೂದಿ ಪಾತ್ರೆ ಬೆಳಗೋಕೆ. ಗಂಜಲ, ಸಗಣಿ, ಕಸಕಡ್ಡಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಹರಿದ ಸೀರೆ ಉತ್ತರದ ಕಡೆ ಕೌದಿಯಾಗ್ತಿತ್ತು. ಸರಿಯಪ್ಪ, ಕೊಟ್ಟಿಗೆಯಲ್ಲಿ ಎತ್ತು ಸತ್ತು ಬಿದ್ದರೆ? ಅದನ್ನು ಗೌಡ ಎಳೆದನೋ, ಶಾನುಭೋಗ ಎಳೆದನೋ? ಕೇರಿಗೆ ಕರೆ ಬರ್ತಿತ್ತು. ನಮ್ಮವರು ಹೋಗಿ ಹೊತ್ತು ತಂದರು. ಚರ್ಮ ಸುಲಿದು, ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ಚಕ್ಕೆಯ ನೀರಲ್ಲಿ ದಿನಗಟ್ಟಲೆ ಹದ ಮಾಡಿದರು. ಕೊಳೆತು ನಾರಬೇಕಾಗಿದ್ದ ಹೆಣ ಮಿಣಿಯಾಯಿತು, ಬಾರುಕೋಲಾಯಿತು, ಮೆಟ್ಟಾಯಿತು, ತಮಟೆಯಾಯಿತು. ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಬಾನಿಯೂ ಅದೇ. ಆ ನೀರು ಕುಡಿದ ಗದ್ದೆಯ ಭತ್ತ ದೇವರ ನೈವೇದ್ಯಕ್ಕೂ ಆಯಿತು. ತೊಗಲು ಮಡಿಯಾಯಿತು, ಹದ ಮಾಡಿದವನು ಮೈಲಿಗೆಯಾಗೇ ಉಳಿದ. ಕನ್ನಡ ನಾಡಿನ ಅತಿ ದೊಡ್ಡ ಮರುಬಳಕೆಯ ವಿಜ್ಞಾನಿ ಮಾದಿಗ. ಮರುಬಳಕೆಯ ಮೇಲೆ ಭಾಷಣ ಮಾಡೋರ ಬಾಯಲ್ಲಿ ಈ ಮಾತು ಬಂದಿದ್ದನ್ನು ನಾವು ಕೇಳಿಲ್ಲ.

1862ರಲ್ಲಿ ಬೆಂಗಳೂರಿನ ಪೇಟೆಗೊಂದು, ದಂಡಿಗೊಂದು ಮುನಿಸಿಪಲ್ ಬೋರ್ಡು ಬಂತು. 1949ರಲ್ಲಿ ಎರಡೂ ಸೇರಿ ಕಾರ್ಪೊರೇಷನ್ ಆಯಿತು. ಗುಮಾಸ್ತರ ಕುರ್ಚಿಗೆ ಓದಿದೋರು ಬಂದರು, ಪೊರಕೆಗೆ ಯಾರು ಬಂದರು ಅಂತ ಕೇಳೋದೇ ಬೇಡ. ಜಾತಿಯಲ್ಲಿ ಇದ್ದದ್ದು ಇಲಾಖೆಯಾಯಿತು. ಬರ ಬಿದ್ದಾಗ ಅನಂತಪುರ, ಚಿತ್ತೂರು ಕಡೆಯಿಂದ ಗುಳೆ ಬಂದ ತೆಲುಗು ಮಾತಾಡುವ ಮಾದಿಗರು ಬಂದು ಪೊರಕೆ ಹಿಡಿದರು. ಇವತ್ತಿಗೂ ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರಿನ ರಸ್ತೆಗಳಲ್ಲಿ ಕಿವಿಗೊಟ್ಟರೆ ಪೊರಕೆಯ ಸದ್ದಿನ ಜೊತೆ ತೆಲುಗು ಕೇಳಿಸುತ್ತೆ. ಕೂಲಿ ಕಡಿಮೆಯಾದರೂ ತಿಂಗಳಿಗೊಮ್ಮೆ ಬರುತ್ತೆ, ಊರ ಗೌಡನ ಜೀತಕ್ಕಿಂತ ವಾಸಿ ಅನ್ನೋದು ಅವರ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಜೀತದಿಂದ ತಪ್ಪಿಸಿಕೊಂಡು ಬಂದವನಿಗೂ ಪಟ್ಟಣ ಅದೇ ಪೊರಕೆಯನ್ನೇ ಕೊಟ್ಟಿತಲ್ಲ, ತಪ್ಪು ಪಟ್ಟಣದ್ದು.

ಕಾನೂನು ಕೂಡ ಗಟ್ಟಿಯಾಗಿತ್ತು. ಸಂಯುಕ್ತ ಪ್ರಾಂತದ 1916ರ ಮುನಿಸಿಪಾಲಿಟಿ ಕಾಯ್ದೆಯ ಪ್ರಕಾರ ಝಾಡಮಾಲಿ ಹೇಳದೆ ಕೇಳದೆ ಕೆಲಸ ಬಿಟ್ಟರೆ ಎರಡು ತಿಂಗಳವರೆಗೆ ಜೈಲು. ಬೇರೆ ಯಾವ ಗುಮಾಸ್ತ ಕೆಲಸ ಬಿಟ್ಟರೂ ಸಂಬಳ ಹೋಗುತ್ತೆ, ಜೈಲಿಗೆ ಹೋಗಲ್ಲ. ಇಂಥ ಕೆಲಸವನ್ನು ಪುಣ್ಯದ ಕೆಲಸ, ತಾಯಿಯ ಕೆಲಸ ಅಂತ ಹಾಡಿ ಹೊಗಳಿದೋರನ್ನು ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಬಿಡದೆ ವಿಚಾರಿಸಿಕೊಂಡರು. ಕೆಲಸ ಅಷ್ಟು ಪವಿತ್ರವಾಗಿದ್ದರೆ ಪವಿತ್ರರು ಯಾಕೆ ಮಾಡೋದಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಬಂದಿಲ್ಲ. ಹೊಗಳಿಕೆ ಮಾತ್ರ ನಿಂತಿಲ್ಲ. 2019ರ ಕುಂಭಮೇಳದಲ್ಲಿ ಪ್ರಧಾನಿ ಐವರು ಸಫಾಯಿ ಕರ್ಮಚಾರಿಗಳ ಪಾದ ತೊಳೆದರು. ಪಾದ ತೊಳೆದ ನೀರು ಒಣಗಿತು. ಕೈಯಲ್ಲಿನ ಪೊರಕೆ ಹಾಗೇ ಇದೆ.

ಕರ್ನಾಟಕದಲ್ಲಿ ಈ ಪೊರಕೆಗೆ ಕೈ ಹಾಕಿದ ಮಂತ್ರಿ ಒಬ್ಬರಿದ್ದರು, ಬಿ. ಬಸವಲಿಂಗಪ್ಪ. 1972ರಲ್ಲಿ ಬಂದ ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಅವರ ಕೈಗೆ ಬಂತು. ತಲೆಯ ಮೇಲೆ ಮಲ ಹೊರುವುದನ್ನು ಅವರು ನಿಷೇಧಿಸಿದರು. ದೇಶದ ಪಾರ್ಲಿಮೆಂಟು ಅಂಥ ಕಾಯ್ದೆ ಮಾಡೋಕೆ 1993ರವರೆಗೆ ಕಾಯಬೇಕಾಯಿತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಇದೇ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳ ಭಾಗ ಬೂಸಾ ಅಂದದ್ದಕ್ಕೆ ಬೀದಿಗೆ ಬೆಂಕಿ ಬಿತ್ತು, ನಮ್ಮ ಹುಡುಗರ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು, ಮಂತ್ರಿಗಿರಿ ಹೋಯಿತು. ಆ ಬೆಂಕಿಯಿಂದಲೇ ನಮ್ಮ ಸಂಘಟನೆ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಸಾಹಿತ್ಯಕ್ಕೆ ಬೂಸಾ ಅಂದ ಒಂದು ಮಾತಿಗೆ ಎದ್ದು ಬಂದ ಊರು, ಮನುಷ್ಯ ಮಲ ಹೊತ್ತು ತಿರುಗುವಾಗ ಒಂದು ದಿನವೂ ಎದ್ದು ಬಂದಿರಲಿಲ್ಲ, ಇದನ್ನು ಅಷ್ಟಾಗಿ ಯಾರೂ ಬರೆದಿಲ್ಲ.

ಆ ಕಾಲದ್ದೇ ಇನ್ನೊಂದು ಕಾಗದ ಐ.ಪಿ.ಡಿ. ಸಾಲಪ್ಪ ಸಮಿತಿಯ 1976ರ ವರದಿ. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಅದು ಹೇಳಿತು. ಪಟ್ಟಣಗಳು ಉಬ್ಬುತ್ತಾ ಹೋದವು, ಖಾಯಂ ಕೆಲಸಗಳು ಸೊರಗುತ್ತಾ ಹೋದವು. ಎಷ್ಟೋ ವರ್ಷ ಆದಮೇಲೆ ಸರ್ಕಾರ 500 ಅನ್ನೋದನ್ನ 700 ಮಾಡಿಕೊಂಡಿತು. ಅಳತೆಗೋಲು ಸಾಲದಿದ್ದರೆ ಕೋಲನ್ನೇ ಉದ್ದ ಮಾಡಿದರಾಯಿತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಕಚೇರಿ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಇದ್ದ ಜಾಗದಿಂದ ಒಕ್ಕಲೆಬ್ಬಿಸೋಕೆ ಹೊರಟವರಿಗೆ ಅವರ ಬಳಿ ಇದ್ದ ಅರ್ಜಿ ಅದೊಂದೇ. ಬಸವಲಿಂಗಪ್ಪನವರ ಆದೇಶ ಆಗಿ ಮೂವತ್ತೈದು ವರ್ಷ ದಾಟಿತ್ತು.

ಮನೆಯೊಳಗಿನ ಕಸದ ಲೆಕ್ಕವನ್ನೂ ಸ್ವಲ್ಪ ನೋಡೋಣ. ಹಳೇ ಪೇಪರ್, ಖಾಲಿ ಸೀಸ ಅಂತ ಕೂಗುತ್ತಾ ತಕ್ಕಡಿ ಹಿಡಿದು ಬರೋನ ಜೊತೆ ಮನೆಯ ಯಜಮಾನಿ ಅರ್ಧ ಗಂಟೆ ಚೌಕಾಸಿ ಮಾಡ್ತಾರೆ. ತೂಕದ ಮುಳ್ಳಿನ ಮೇಲೆ ಕಣ್ಣಿಟ್ಟೇ ಇರ್ತಾರೆ. ಹಳೇ ಬಟ್ಟೆ ಹಾಕಿ ಸ್ಟೀಲ್ ಪಾತ್ರೆ ತಗೊಳ್ಳೋದೂ ಹೀಗೇ. ಅಂದರೆ ಕಸ ವಿಂಗಡಿಸೋದು ನಮ್ಮ ಗೃಹಸ್ಥರಿಗೆ ಚೆನ್ನಾಗಿ ಗೊತ್ತು. ಕಾಸು ಬರೋದು ನಮ್ಮದು, ಕಾಸು ಬಾರದ್ದು, ನಾರೋದು ನಿನ್ನದು. ಅನ್ನ ಸಾರು, ಮಗುವಿನ ಡೈಪರು, ಒಡೆದ ಗಾಜು, ಬ್ಲೇಡು, ಮುಟ್ಟಿನ ಬಟ್ಟೆ ಎಲ್ಲ ಒಂದೇ ಕವರಿನಲ್ಲಿ ಗಂಟು ಹಾಕಿ ಹೊರಗಿಟ್ಟರೆ ಅದನ್ನು ಬಿಚ್ಚೋ ಕೈ ಒಂದಿದೆ ಅನ್ನೋ ಭರವಸೆ. ಆ ಭರವಸೆ ಎಲ್ಲಿಂದ ಬಂತು? ಹಿತ್ತಲ ಓಣಿಯಿಂದ ಬಂತು.

ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಕಸಕ್ಕೂ ದೇಶಕ್ಕೊಂದು ನಿಯಮ ಅಂತ 2000ದಲ್ಲಿ ಬಂತು. ಮನೆ ಮನೆಗೆ ತಳ್ಳುಗಾಡಿ ಬಂತು, ಬೀದಿಯ ಸಿಮೆಂಟು ತೊಟ್ಟಿಗಳನ್ನು ಒಡೆದರು. ಊರು ಚೆಂದ ಕಂಡಿತು. ತೊಟ್ಟಿಯಲ್ಲಿ ಹೆಕ್ಕಿ ಬದುಕುತ್ತಿದ್ದ ಚಿಂದಿ ಆಯೋರ ಹೊಟ್ಟೆಯ ಮೇಲೆ ಏಟು ಬಿತ್ತು, ಅದು ಯಾವ ಕಡತಕ್ಕೂ ಬರಲಿಲ್ಲ. ತೊಂಬತ್ತರ ದಶಕದಿಂದಲೇ ಕಸ ಗುತ್ತಿಗೆದಾರರ ಕೈಗೆ ಹೋಗಿತ್ತು. ಟನ್ನಿಗಿಷ್ಟು, ಲಾರಿಗಿಷ್ಟು. ಪೊರಕೆ ಹಿಡಿದೋಳ ಸಂಬಳ ಮೂರು ಕೈ ದಾಟಿ ಬರುವಾಗ ಎಷ್ಟು ಸವೆಯುತ್ತೆ ಅಂತ ಕೇರಿಯಲ್ಲಿ ಯಾರನ್ನಾದರೂ ಕೇಳಿ. ಪೊರಕೆ ಅವಳದೇ, ಕೈಗವಸು ಇಲ್ಲ, ಹೊಟ್ಟೆ ಹಸಿದರೆ ಫುಟ್‌ಪಾತಿನ ಮೇಲೆ ಡಬ್ಬಿ ಬಿಚ್ಚಬೇಕು, ಮೂತ್ರಕ್ಕೆ ಹೋಗಬೇಕು ಅಂದರೆ ಅವಳೇ ಬೆಳಿಗ್ಗೆ ಗುಡಿಸಿದ ರಸ್ತೆಯಲ್ಲಿ ಒಂದು ಜಾಗ ಇಲ್ಲ.

ಲಾರಿಗಳು ಹೋಗ್ತಿದ್ದದ್ದು ಎಲ್ಲಿಗೆ? ಯಲಹಂಕದಾಚೆಯ ಮಾವಳ್ಳಿಪುರಕ್ಕೆ, ಹೊಸಕೋಟೆ ದಾರಿಯ ಮಂಡೂರಿಗೆ. ಊರ ಹೊರಗೆ ಕೇರಿ ಇದ್ದ ಹಾಗೆ ಮಹಾನಗರದ ಹೊರಗೆ ಈ ಹಳ್ಳಿಗಳು. ಬೋರಿನ ನೀರು ಕಪ್ಪಾಯಿತು, ನೊಣ ಅನ್ನದ ತಟ್ಟೆ ಬಿಡಲಿಲ್ಲ. ಹಳ್ಳಿಯ ಜನ ಲಾರಿಗೆ ಅಡ್ಡ ಮಲಗಿದರು. 2012ರಲ್ಲಿ ಮಾವಳ್ಳಿಪುರ ಮುಚ್ಚಿತು, 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಲಾರಿ ನಿಂತಿತು. ಐಟಿ ನಗರಿಯ ಬೀದಿ ಬೀದಿಯಲ್ಲಿ ಕಸದ ಗುಡ್ಡ ಎದ್ದಾಗಲೇ ಸರ್ಕಾರಕ್ಕೂ ಹೈಕೋರ್ಟಿಗೂ ಎಚ್ಚರವಾದದ್ದು. 2012ರ ಅಕ್ಟೋಬರಿನಿಂದ ಮನೆಯಲ್ಲೇ ವಿಂಗಡಿಸಿ ಕೊಡಿ ಅಂದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲ ಅಂತ ಬಿಡಿಸಿ ಹೇಳಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರು ಮುಂತಾದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಬಿಳಿ ಚೀಲ. ಹಸಿ ಕಸದಿಂದ ಗೊಬ್ಬರ ಮಾಡೋ ನಿಗಮವೊಂದು ಈ ರಾಜ್ಯದಲ್ಲಿ 1975ರಿಂದಲೇ ಇದೆ ಅನ್ನೋದನ್ನು ಇಲ್ಲಿ ನೆನಪಿಸಬೇಕು. ದಾರಿ ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ.

ವಿಂಗಡಣೆ ಕಷ್ಟ ಅಂತ ಜನ ಗೊಣಗಿದರು. ನಮಗೆ ನಗು ಬಂತು. ಮೂಗಿನ ತುದಿಯಿಂದಲೇ ಮನುಷ್ಯರನ್ನು ಸಾವಿರಾರು ಜಾತಿಗೆ ವಿಂಗಡಿಸಿ, ಒಬ್ಬರನ್ನೂ ತಪ್ಪಿ ಬೇರೆ ಬುಟ್ಟಿಗೆ ಹಾಕದ ಸಮಾಜ ಇದು. ಬಾಳೆಹಣ್ಣಿನ ಸಿಪ್ಪೆ ಯಾವುದು, ಹಾಲಿನ ಕವರು ಯಾವುದು ಅಂತ ಗೊತ್ತಾಗಲಿಲ್ಲವಂತೆ! ತಿಳಿಯದೇ ಇದ್ದದ್ದಲ್ಲ, ಮುಟ್ಟೋಕೆ ಆಗದೇ ಇದ್ದದ್ದು. ತಾನು ತಿಂದು ಬಿಟ್ಟದ್ದನ್ನು ತನ್ನ ಕೈಯಲ್ಲೇ ಎರಡು ಪಾಲು ಮಾಡು ಅಂತ ಒಂದು ಕೋರ್ಟು ಈ ಮನೆಗಳಿಗೆ ಹೇಳಿತ್ತು. ನಮ್ಮ ಕಣ್ಣಿಗೆ ಅದು ಬರೀ ಪರಿಸರದ ಆದೇಶವಲ್ಲ. ಎಷ್ಟೋ ಮನೆಗಳಲ್ಲಿ ಆ ಕೆಲಸವನ್ನೂ ಮನೆಗೆಲಸದ ಹೆಣ್ಣುಮಗಳಿಗೆ ದಾಟಿಸಿದರು ಅನ್ನೋದು ಬೇರೆ ಮಾತು. ಅವಳೂ ನಮ್ಮ ಕೇರಿಯವಳೇ.

ಒಂದೆರಡು ಒಳ್ಳೆಯದೂ ಆಯಿತು, ಹೇಳಬೇಕು. 2011ರಲ್ಲಿ ಬೆಂಗಳೂರು ಪಾಲಿಕೆ ಚಿಂದಿ ಆಯೋರಿಗೆ ಗುರುತಿನ ಚೀಟಿ ಕೊಟ್ಟಿತು. ಗೋಣಿಚೀಲ ಹೊತ್ತವರನ್ನು ಕಳ್ಳರು ಅಂತ ಹಿಡಿಯುತ್ತಿದ್ದ ಪೊಲೀಸಿಗೆ ತೋರಿಸೋಕೆ ಒಂದು ಕಾಗದ ಸಿಕ್ಕಿತು. ವಾರ್ಡಿನ ಒಣ ಕಸದ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸೋಕೆ ಶುರುಮಾಡಿದರು. ಯಾವ ಪ್ಲಾಸ್ಟಿಕ್ ಕರಗುತ್ತೆ, ಯಾವುದು ಕರಗಲ್ಲ ಅಂತ ಬೆರಳಲ್ಲಿ ಚಿವುಟಿ, ಸದ್ದು ಕೇಳಿ ಹೇಳುವ ಹೆಂಗಸರು ಅಲ್ಲಿದ್ದಾರೆ. 2016ರ ನಿಯಮ ಚಿಂದಿ ಆಯೋರನ್ನು ಹೆಸರಿಟ್ಟು ಕರೆದು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಅಂತ ಹೇಳಿತು. ಕೊಟ್ಟಿದ್ದು ಕಾಗದ ಮಾತ್ರ, ಸಂಬಳ ಅಲ್ಲ.

ಸಂಬಳ ಬಂದದ್ದು ಬೀದಿಗಿಳಿದ ಮೇಲೆ. ಹೋರಾಟಗಳ ನಂತರ 2017ರಲ್ಲಿ ಗುತ್ತಿಗೆ ತೆಗೆದು ನೇರ ಪಾವತಿ ಅಂತ ತೀರ್ಮಾನವಾಯಿತು. ನೇರ ಪಾವತಿಗೆ ಬಂದರೂ ಖಾಯಂ ಆಗಲಿಲ್ಲ. 2022ರ ಜುಲೈ ಮೊದಲ ವಾರ ಪೊರಕೆ ಕೆಳಗಿಟ್ಟರು. ನಾಲ್ಕು ದಿನಕ್ಕೆ ಊರು ನಾರಿತು, ಸರ್ಕಾರ ಲಿಖಿತ ಭರವಸೆ ಕೊಟ್ಟಿತು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರ ಕೈಗೆ ಖಾಯಂ ಆದೇಶ ಬಂತು. ಎರಡು ತಲೆಮಾರು ದಿನಗೂಲಿಯಲ್ಲೇ ಸವೆದ ಮನೆಗಳಲ್ಲಿ ಆ ಕಾಗದವನ್ನು ದೇವರ ಪಟದ ಪಕ್ಕ ಇಟ್ಟಿದ್ದಾರೆ, ಅಂಬೇಡ್ಕರ್ ಪಟದ ಪಕ್ಕವೂ ಇಟ್ಟಿದ್ದಾರೆ. ಗುಡಿಸೋರಿಗೆ ಸಿಕ್ಕಿತು. ಕಸದ ಆಟೋ ಓಡಿಸೋರು, ಲೋಡ್ ಮಾಡೋರು ಆ ಪಟ್ಟಿಯಲ್ಲಿ ಇರಲಿಲ್ಲ.

ಅದೇ ವರ್ಷದ ಏಪ್ರಿಲಿನಿಂದ ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಶುಲ್ಕ ಹಾಕಿದರು, ಪತ್ರಿಕೆಗಳ ತುಂಬ ಗೋಳಾಟ. ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ಹೋಳಾಯಿತು. ಅಕ್ಟೋಬರ್ ಕೊನೆಗೆ, ರಸ್ತೆಗೆ ಕಸ ಎಸೆದು ಸಿಕ್ಕಿಬಿದ್ದವರ ಮನೆಗಳ ಮುಂದೆಯೇ ಕಸ ಸುರಿದು, ದಂಡ ಹಾಕಿ ಬಂದರು. ಕಸ ಸುರಿಯೋ ಹಬ್ಬ ಅಂತ ಅದಕ್ಕೆ ಹೆಸರು. ಟೀವಿಯವರು ಮನೆಯವರ ಮುಖ ತೋರಿಸಿದರು, ಮಾನ ಹೋಯಿತು ಅಂತ ಅವರು ಕೂಗಾಡಿದರು. ಆ ಕಸವನ್ನು ಗಾಡಿಗೆ ತುಂಬಿದ, ಅವರ ಬಾಗಿಲಿಗೆ ಹೊತ್ತು ತಂದ, ಆಮೇಲೆ ಮತ್ತೆ ಬಳಿದು ಗಾಡಿಗೆ ಹಾಕಿಕೊಂಡ ಕೈಗಳನ್ನು ಯಾವ ಕ್ಯಾಮರಾವೂ ತೋರಿಸಲಿಲ್ಲ. ಒಂದು ಮಾತ್ರ ನೋಡಿದೆವು: ಈ ಸಲ ಗಾಡಿ ನಿಂತದ್ದು ಹಿತ್ತಲ ಓಣಿಯಲ್ಲಲ್ಲ, ಮುಂಬಾಗಿಲಿನ ರಂಗೋಲಿಯ ಮೇಲೆ.