ಹತ್ತಾಟದ ಶಿಲ್ಪ

ಮಕ್ಕಳು ಏರಿ, ನುಸುಳಿ, ಜಾರಿ ಆಡಲೆಂದೇ ರೂಪಿಸಿದ ಶಿಲ್ಪ. ಇಡೀ ಮೈದಾನವನ್ನೇ ಶಿಲ್ಪವಾಗಿ ಕಂಡವರು ಶಿಲ್ಪಿ ಇಸಾಮು ನೊಗುಚಿ. ಅವರ 1933ರ ‘ಪ್ಲೇ ಮೌಂಟನ್’ ಯೋಜನೆಯನ್ನು ನ್ಯೂಯಾರ್ಕ್ ನಗರಾಡಳಿತ ತಿರಸ್ಕರಿಸಿತು. ಇಂಥ ಆಟದಂಗಳಗಳಿಗೆ ಕನ್ನಡನಾಡಿನ ಒಂದು ನಿದರ್ಶನ, ವಾಸ್ತುಶಿಲ್ಪಿ ಪೂಜಾ ರೈ ಸ್ಥಾಪಿಸಿದ ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್. ಸವೆದ ಟೈರುಗಳನ್ನು ತೊಳೆದು, ಬಣ್ಣ ಬಳಿದು, ಬೋಲ್ಟಿನಿಂದ ಬಿಗಿದು ಈ ಸಂಸ್ಥೆ ಕಡಿಮೆ ಖರ್ಚಿನಲ್ಲಿ ಆಟದಂಗಳ ಕಟ್ಟುತ್ತದೆ. ದುಬಾರಿ ಸಲಕರಣೆ ಎಟುಕದ ಸರ್ಕಾರಿ ಶಾಲೆಗಳಿಗೆ ಇದು ದೊಡ್ಡ ಕೊಡುಗೆ.

ಗೋವಾ, ಕಾರವಾರದಂಥ ಮಳೆ ಹೆಚ್ಚಿರುವ ಕರಾವಳಿ ಪ್ರದೇಶಗಳಲ್ಲಿ ವಿನ್ಯಾಸಕ್ಕೆ ಇನ್ನಷ್ಟು ಎಚ್ಚರ ಬೇಕು. ಟೈರಿನಲ್ಲಿ ನೀರು ನಿಂತರೆ ಸೊಳ್ಳೆ ಹುಟ್ಟುತ್ತದೆ, ಕೆಳಬದಿಗೆ ರಂಧ್ರ ಕೊರೆಯಲೇಬೇಕು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮಕ್ಕಳು ಬೀಳುವ ಜಾಗದಲ್ಲಿ ಕಾಂಕ್ರೀಟ್ ಎಂದಿಗೂ ಸಲ್ಲದು. ದಪ್ಪನೆಯ ಮರಳಿನ ಹಾಸಿನಂಥ ಮೆತ್ತನೆಯ ನೆಲ ಬೇಕು.