ಸೋಲಾರ್ ಪಾರ್ಕ್ ಮಳೆ ಓಡಿಸುತ್ತದೆಯೇ? ಪಾವಗಡದ ಲೆಕ್ಕ ಬೇರೆಯೇ ಇದೆ

"ಸೋಲಾರ್ ಪ್ಲೇಟುಗಳ ಕಾವಿಗೆ ಮೋಡ ಚದುರಿ ಹೋಗುತ್ತದೆ, ಅದಕ್ಕೇ ಮಳೆ ಇಲ್ಲ." ಇಂಥ ಮೆಸೇಜ್ ನಿಮ್ಮ ಗುಂಪಿಗೂ ಬಂದಿರಬಹುದು. ಇದು ನಿಜವೇ ಎಂದು ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ನೇರ ಉತ್ತರ: ಇಲ್ಲ. 2,050 ಮೆಗಾವ್ಯಾಟ್ ಸಾಮರ್ಥ್ಯದ ಈ ಪಾರ್ಕ್ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ, ಅಂದರೆ ಹೆಚ್ಚುಕಡಿಮೆ 53 ಚದರ ಕಿಲೋಮೀಟರಿನಲ್ಲಿ ಹರಡಿದೆ. ಕೇಳಲು ದೊಡ್ಡದೇ. ಆದರೆ ಮುಂಗಾರು ಮಾರುತ ತೇವ ಹೊತ್ತು ಬರುವುದು ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ. ಪಾವಗಡ ಇರುವುದು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ. ಅಲ್ಲಿನ ಬರ ಪಾರ್ಕಿಗಿಂತ ಎಷ್ಟೋ ಹಳೆಯದು. ಬಿಸಿಲು ಜಾಸ್ತಿ, ಮಳೆ ಕಡಿಮೆ ಎನ್ನುವುದೇ ಆ ಜಾಗ ಸೋಲಾರ್‌ಗೆ ಒಗ್ಗಲು ಕಾರಣ.

ಕಾವಿನ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಐದನೇ ಒಂದು ಪಾಲನ್ನು ವಿದ್ಯುತ್ ಮಾಡುತ್ತದೆ, ಉಳಿದದ್ದರಲ್ಲಿ ಬಹುಪಾಲು ಶಾಖವಾಗುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಾತ್ರಿ ಹೊತ್ತು ಪ್ಯಾನೆಲ್‌ಗಳ ಜಾಗ ಸುತ್ತಲಿನ ಬಯಲಿಗಿಂತ 3ರಿಂದ 4 ಡಿಗ್ರಿ ಹೆಚ್ಚು ಬೆಚ್ಚಗಿತ್ತು. ಇದು ಆ ಜಾಗದ ಮಟ್ಟಿಗಿನ ಕಾವು, ಮೋಡ ಓಡಿಸುವಂಥದ್ದಲ್ಲ.

ನಮ್ಮನ್ನು ಕೇಳಿದರೆ, ಮಳೆಯ ಗಾಳಿಸುದ್ದಿಯ ಗದ್ದಲದಲ್ಲಿ ಕೇಳಲೇಬೇಕಾದ ಪ್ರಶ್ನೆ ಕಳೆದುಹೋಗುತ್ತಿದೆ: ಇದರ ಬೆಲೆ ಯಾರು ತೆರುತ್ತಿದ್ದಾರೆ?

ಪಾವಗಡದಲ್ಲಿ ರೈತರ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಜಮೀನು ರೈತರ ಹೆಸರಿನಲ್ಲೇ ಉಳಿಯಿತು, ಅದು ಒಳ್ಳೆಯ ಅಂಶವೇ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಈಗ ಸ್ವಲ್ಪ ಲೆಕ್ಕ ಹಾಕಿ. ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಬೆಲೆ ಏರಿಕೆಯ ಗುರಿಯೇ ವರ್ಷಕ್ಕೆ ಶೇ 4. ಬೆಲೆಗಳು ಆ ಗುರಿಯಷ್ಟೇ ಏರಿದರೂ ಎರಡು ವರ್ಷಕ್ಕೆ ಶೇ 8 ದಾಟುತ್ತದೆ, ಬಾಡಿಗೆ ಏರುವುದು ಶೇ 5. ಹಣ ಕೈಗೆ ಬರುತ್ತಲೇ ಇರುತ್ತದೆ, ಅದರಿಂದ ಬರುವ ದಿನಸಿ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ.

ಅದೂ ಪಹಣಿಯಲ್ಲಿ ಹೆಸರಿದ್ದವರ ಮಾತು. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದ ಕೂಲಿಯವರಿಗೆ ಬಾಡಿಗೆ ಇಲ್ಲ. ಬೇಲಿ ಬಿದ್ದಮೇಲೆ ಕುರಿ ಮೇಯಿಸುವವರು ಬೇರೆ ಬಯಲು ಹುಡುಕಬೇಕು. ಪ್ಯಾನೆಲ್ ಒರೆಸುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು, ಹೀಗೆ ಕೆಲವರಿಗೆ ಕೆಲಸ ಸಿಗುತ್ತದೆ. ಆದರೆ ಅಷ್ಟು ಎಕರೆ ಹೊಲ ಕೊಡುತ್ತಿದ್ದ ಕೂಲಿಗೆ ಅದು ಸಮವಲ್ಲ. ಜೊತೆಗೆ, ಪ್ಯಾನೆಲ್ ತೊಳೆಯುವುದಾದರೆ ನೀರು ಬೇಕು. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಬರದ ತಾಲ್ಲೂಕಿನಲ್ಲಿ ಅದೂ ಸಣ್ಣ ಮಾತಲ್ಲ.

ಹಾಗಂತ ಕಲ್ಲಿದ್ದಲೇ ವಾಸಿ ಎನ್ನುವ ಫಾರ್ವರ್ಡ್ ನಂಬಬೇಡಿ. ಅದರ ಹೊಗೆ, ಹಾರುಬೂದಿಯ ಖರ್ಚು ಆಸ್ಪತ್ರೆ ಬಿಲ್ಲಿನಲ್ಲಿ ಬರುತ್ತದೆ, ಕರೆಂಟ್ ಬಿಲ್ಲಿನಲ್ಲಿ ಅಲ್ಲ.

ಇನ್ನೊಂದು ಖರ್ಚು ಮುಂದೆ ಕಾದಿದೆ. ಪ್ಯಾನೆಲ್‌ಗಳ ಆಯಸ್ಸು ಸುಮಾರು 25 ವರ್ಷ. 2022ರ ಇ-ತ್ಯಾಜ್ಯ ನಿಯಮಗಳು ಹಾಳಾದ ಪ್ಯಾನೆಲ್‌ಗಳನ್ನು 2034-35ರವರೆಗೆ ಕೂಡಿಡುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಪಾವಗಡದ ಪಾರ್ಕ್ ಪೂರ್ತಿಯಾದದ್ದು 2019ರಲ್ಲಿ. ಅಂದರೆ ಅಲ್ಲಿನ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಕಳಚಿ ಕೆಳಗಿಳಿಯುವುದು ಆ ಗಡುವು ಮುಗಿದು ಎಷ್ಟೋ ವರ್ಷಗಳ ಮೇಲೆ.