ಹಂಚಿನ ಮನೆಯ ಆರೈಕೆ: ಪತ್ತನಾಜೆಯೊಳಗೆ ಮುಗಿಸಬೇಕಾದ ಕೆಲಸಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಸೀಮೆಯ ಹಳೆಯ ಮನೆಗಳಲ್ಲಿ ಬಹುಪಾಲು ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಮಂಗಳೂರು ಹಂಚು ಎಂಬ ಮೂರರಿಂದ ಕಟ್ಟಿದವು. ತಾರಸಿ ಮನೆಗಳು ಹೆಚ್ಚಿದ ಮೇಲೂ ನಮ್ಮ ಕನ್ನಡ ಶಾಲೆಗಳ ಅನೇಕ ಮಕ್ಕಳು ಓದುವುದೂ ಮಲಗುವುದೂ ಇಂಥ ಮಾಡಿನ ಅಡಿಯಲ್ಲಿಯೇ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಶಾಲೆಗಳು ತೆರೆಯುವುದೂ ಅದೇ ಹೊತ್ತಿಗೆ. ಹಾಗಾಗಿ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಅಂದರೆ ಮೇ 24ರ ಸುಮಾರು, ಮನೆಯ ದುರಸ್ತಿಗೂ ತಕ್ಕ ಗಡುವು.

ಹಂಚಿನ ಮನೆಯ ಆರೈಕೆಯೆಂದರೆ ನೀರಿನ ದಾರಿಯನ್ನು ಕಾಯುವುದು. ಒಂದು ಹಂಚು ಜಾರಿದರೆ ಮೊದಲು ನೆನೆಯುವುದು ರೀಪು, ಬಳಿಕ ಪಕ್ಕಾಸು, ಅನಂತರ ಗೋಡೆಯ ತಲೆ. ಗೋಡೆಯೊಳಗಿನ ಮಣ್ಣು ನೆನೆದು ಸಡಿಲವಾದ ಮೇಲೆ ಹಂಚು ಸರಿಪಡಿಸಿ ಫಲವಿಲ್ಲ. ಒಂದು ಹಂಚಿನ ಬೆಲೆಯಲ್ಲಿ ಮುಗಿಯುವ ಕೆಲಸವನ್ನು ಎರಡು ಮಳೆಗಾಲ ಮುಂದೂಡಿದರೆ ಒಂದು ಕೋಣೆಯನ್ನೇ ಕಳೆದುಕೊಳ್ಳುವ ಸಂಭವವಿದೆ.

ಹಂಚಿನ ಸ್ವಭಾವ

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿಂದ ಹರಡಿದ ಈ ಹಂಚಿಗೆ ಮೊಳೆ ಬೇಕಿಲ್ಲ. ಹಿಂಬದಿಯ ಗುಬಟು ರೀಪಿಗೆ ತಗುಲಿಕೊಳ್ಳುತ್ತದೆ. ಅಂಚಿನ ಗೀರುಗಳು ಪಕ್ಕದ ಹಂಚಿನೊಡನೆ ಹೆಣೆದುಕೊಳ್ಳುತ್ತವೆ. ಒಂದನ್ನು ಮಾತ್ರ ತೆಗೆದು ಬದಲಿಸಬಹುದೆಂಬುದು ಇದರ ದೊಡ್ಡ ಗುಣ. ಗಾಳಿಗೂ ಮಂಗಕ್ಕೂ ಬೀಳುವ ತೆಂಗಿನ ಮಡಲಿಗೂ ಸುಲಭವಾಗಿ ಜಾರುತ್ತದೆ ಎಂಬುದು ಅದರ ದೋಷ.

ಎಲ್ಲ ಕಾರ್ಖಾನೆಗಳ ಹಂಚಿನ ಅಳತೆಯೂ ಗೀರೂ ಒಂದೇ ಅಲ್ಲ. ಬೇರೆ ಕಾರ್ಖಾನೆಯ ಹಂಚನ್ನು ನಡುವೆ ಸೇರಿಸಿದರೆ ಗೀರು ಕೂಡದೆ ನೀರು ಒಳಗಿಳಿಯುತ್ತದೆ. ಹಂಚಿನ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರನ್ನು ಒತ್ತಿರುವುದು ವಾಡಿಕೆ. ಕೊಳ್ಳುವ ಮುನ್ನ ಅದನ್ನು ಓದಿ, ಹಳೆಯದೊಂದನ್ನು ಜೊತೆಗೆ ಒಯ್ದು ಹೊಂದಿಸಿ ನೋಡಬೇಕು. ಹತ್ತಿರದಲ್ಲಿ ಹಳೆಯ ಮನೆ ಕೆಡಹುವವರಿದ್ದರೆ ಅದೇ ಹೆಸರಿನ ಇಪ್ಪತ್ತು ಮೂವತ್ತು ಹಂಚುಗಳನ್ನು ತಂದಿರಿಸಿಕೊಳ್ಳುವುದು ಜಾಣತನ.

ಕೈಯಾಡಿಸುವ ಕ್ರಮ

ಮಳೆಗೆ ಮುಂಚೆ ಹಂಚು ಕೈಯಾಡಿಸುವುದೆಂದರೆ ಜಾರಿದ್ದನ್ನು ಸರಿಸಿ, ಒಡೆದುದನ್ನು ಬದಲಿಸಿ, ಗೀರುಗಳಲ್ಲಿ ಸೇರಿದ ತರಗೆಲೆ, ಮಣ್ಣು, ಹಾವಸೆಗಳನ್ನು ತೆಗೆಯುವುದು. ಗೀರು ಕಟ್ಟಿಕೊಂಡರೆ ನೀರು ಮುಂದೆ ಹರಿಯದೆ ಹಿಂದಕ್ಕೆ ಒತ್ತುತ್ತದೆ. ಹಂಚು ಗಟ್ಟಿಯಾಗಿದ್ದರೂ ಮಾಡು ಸೋರುತ್ತದೆ. ನೆತ್ತಿಯ ಮುಚ್ಚುಹಂಚುಗಳ ಗಾರೆಯಲ್ಲಿ ಬಿರುಕಿದೆಯೇ, ಎರಡು ಮಾಡುಗಳು ಕೂಡುವ ಮೂಲೆಯ ತಗಡು ತೂತಾಗಿದೆಯೇ, ಸೂರಿನ ದಂಬೆಯಲ್ಲಿ ಕಸ ತುಂಬಿದೆಯೇ ಎಂಬ ಮೂರನ್ನು ತಪ್ಪದೆ ನೋಡಬೇಕು.

ಈ ಕೆಲಸದಲ್ಲಿ ಜೀವಾಪಾಯವಿದೆ. ಒದ್ದೆಯಾದ, ಹಾವಸೆ ಕಟ್ಟಿದ ಮಾಡನ್ನು ಹತ್ತಬಾರದು. ಹಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ. ಅಡಿಯಲ್ಲಿ ರೀಪಿರುವ ಸಾಲಿನ ಮೇಲೆಯೇ ಹೆಜ್ಜೆಯಿಡಬೇಕು, ಇಲ್ಲವೇ ಹಲಗೆ ಹಾಸಿಕೊಳ್ಳಬೇಕು. ಒಬ್ಬರೇ ಹತ್ತಬಾರದು, ಕೆಳಗೊಬ್ಬರು ಏಣಿ ಹಿಡಿದಿರಬೇಕು. ಅಲ್ಯೂಮಿನಿಯಂ ಏಣಿ, ದೋಟಿಗಳನ್ನು ವಿದ್ಯುತ್ ತಂತಿಯ ಬಳಿ ಎತ್ತಲೇಬಾರದು. ಅಭ್ಯಾಸವಿಲ್ಲದವರು ಕೂಲಿ ಕೊಟ್ಟು ನುರಿತವರಿಂದ ಮಾಡಿಸುವುದೇ ಲೇಸು.

ಸೋರುವ ಜಾಗವನ್ನು ಹುಡುಕುವುದು

ಹನಿ ಬೀಳುವಲ್ಲಿಯೇ ತೂತಿರುತ್ತದೆ ಎಂದೆಣಿಸಬಾರದು. ಒಳಹೊಕ್ಕ ನೀರು ರೀಪನ್ನೋ ಪಕ್ಕಾಸನ್ನೋ ಹಿಡಿದು ಇಳಿಜಾರಿನಲ್ಲಿ ಹರಿದು, ದೂರದಲ್ಲಿ ತೊಟ್ಟಿಕ್ಕುತ್ತದೆ. ಹನಿ ಬೀಳುವ ಜಾಗದಿಂದ ನೆತ್ತಿಯ ಕಡೆಗೆ ಹುಡುಕುತ್ತ ಹೋಗಬೇಕು. ಬಿಸಿಲಿನ ಮಧ್ಯಾಹ್ನ ಅಟ್ಟದ ಕತ್ತಲಲ್ಲಿ ನಿಂತು ನೋಡಿದರೆ ಬಿರುಕುಗಳು ಬೆಳಕಿನ ಗೆರೆಗಳಾಗಿ ಕಾಣುತ್ತವೆ. ಮಳೆ ಸುರಿಯುವಾಗಲೇ ಕಂಡರೆ ಪಕ್ಕಾಸಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಬಿಸಿಲು ಬಂದಾಗ ಸರಿಪಡಿಸಬಹುದು. ಅಷ್ಟರವರೆಗೆ ಒಳಗಿನಿಂದಲೇ ಮೇಲಿನ ಹಂಚನ್ನು ತುಸು ಎತ್ತಿ, ಅಡಿಗೆ ಅಡಿಕೆ ಹಾಳೆಯ ತುಂಡನ್ನು ತೂರಿಸಿದರೆ ನೀರು ಕೆಳಗಿನ ಹಂಚಿನ ಮೇಲೆ ಹರಿಯುತ್ತದೆ. ಇದು ತಾತ್ಕಾಲಿಕ ಉಪಾಯ ಮಾತ್ರ.

ಮರ ಮತ್ತು ಒರಲೆ

ಪಕ್ಕಾಸಿನ ತುದಿ ಗೋಡೆಯ ಮೇಲಿನ ತೊಲೆಗೆ ಕೂಡುವ ಜಾಗವೇ ಮೊದಲು ಕೆಡುವುದು. ಅಲ್ಲಿ ಕಬ್ಬಿಣದ ಸರಳಿನಿಂದ ತಟ್ಟಿ ನೋಡಬೇಕು: ಗಟ್ಟಿ ಮರ ಘಣ್ಣೆನ್ನುತ್ತದೆ, ಒರಲೆ ತಿಂದ ಮರ ಟೊಳ್ಳಾಗಿ ಸದ್ದು ಮಾಡುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು ಏರಿದ್ದರೆ ಒರಲೆ ಬಂದಿದೆಯೆಂದೇ ಅರ್ಥ. ಕೊಳವೆಗಳನ್ನು ಕೆರೆದು ತೆಗೆದು ಒಂದು ವಾರ ಕಾಯಬೇಕು. ಮತ್ತೆ ಕಟ್ಟಿದರೆ ಔಷಧ ಹಾಕುವ ಅನುಭವಿಗಳನ್ನು ಕರೆಸಬೇಕು. ಸೌದೆ, ತೆಂಗಿನ ಸಿಪ್ಪೆ, ಹಳೆಯ ಪುಸ್ತಕದ ಕಟ್ಟುಗಳನ್ನು ಗೋಡೆಗೆ ಒತ್ತಿ ಇಡುವುದು ಒರಲೆಗೆ ನಾವೇ ಹಾಕುವ ಏಣಿ.

ಹೊಸ ರೀಪಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ನಾಡಿನ ಹಳೆಯ ಪದ್ಧತಿ. ಅದು ಮರವನ್ನು ಕಾಯುತ್ತದೆ, ಆದರೆ ಚರ್ಮಕ್ಕೆ ತಗುಲಿದರೆ ಸುಟ್ಟು ಬೊಬ್ಬೆಯೇಳುತ್ತದೆ. ಕೈಗವಸು ತೊಡಬೇಕು, ಒಣಗುವವರೆಗೆ ಮಕ್ಕಳನ್ನು ದೂರವಿಡಬೇಕು.

ಗೋಡೆಗೆ ಉಸಿರು

ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನೆಲದಲ್ಲಿ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಅದರ ಗುಣವನ್ನೂ ಗುರುತಿಸಿದ. ಕಲ್ಲು ಗಟ್ಟಿಯಾದರೂ ಹಳೆಯ ಗೋಡೆಗಳಲ್ಲಿ ಕಲ್ಲುಗಳ ನಡುವೆ ಇರುವುದು ಮಣ್ಣು. ಇಂಥ ಗೋಡೆ ಒದ್ದೆಯಾಗುತ್ತದೆ, ಒಣಗುತ್ತದೆ. ಅದರ ಮೇಲೆ ಸಿಮೆಂಟು ಗಾರೆ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗಾರೆಯೇ ಹೊಪ್ಪಳೆ ಕಳಚಿ ಬೀಳುತ್ತದೆ. ಸುಣ್ಣದ ಗಾರೆ, ಸುಣ್ಣದ ಬಳಿತಗಳು ತೇವವನ್ನು ಹೊರಬಿಡುತ್ತವೆ. ಹಳೆಯ ಗೋಡೆಗೆ ಅವೇ ಹಿತ.

ಗಾಳಿಮಳೆ ಅಪ್ಪಳಿಸುವ ಪಡುವಣ ಗೋಡೆಗೆ ಹಿರಿಯರು ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ಟಾರ್ಪಾಲು ಕಟ್ಟುವವರು ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲು ಗೇಣು ಜಾಗ ಬಿಡಬೇಕು. ಸೂರಿನ ನೀರು ಬೀಳುವಲ್ಲಿ ಜಲ್ಲಿ ಹಾಸಿದರೆ ಕೆಸರು ಗೋಡೆಗೆ ಸಿಡಿಯದು. ಅಂಗಳದ ನೀರು ಪಂಚಾಂಗದ ಕಡೆಗೆ ಬಾರದಂತೆ ಇಳಿಜಾರು ಕೊಟ್ಟು, ಕಣಿಯನ್ನು ಮೇ ತಿಂಗಳಲ್ಲಿಯೇ ಅಗೆದು ಬಿಡಿಸಬೇಕು.

ವಿದ್ಯುತ್ತು

ತೇವದ ಗೋಡೆ ವಿದ್ಯುತ್ತನ್ನು ಒಯ್ಯುತ್ತದೆ. ಪಕ್ಕಾಸಿನ ಮೇಲೆ ಎಳೆದ ಹಳೆಯ ತಂತಿಗಳನ್ನು ಇಲಿ ಕಡಿದಿದೆಯೇ ಎಂದು ನೋಡಬೇಕು. ಸೋರಿಕೆ ಕಂಡೊಡನೆ ಪೂರೈಕೆ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಪ್ರತಿ ಮನೆಯಲ್ಲೂ ಇರಬೇಕು. ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಗೋಡೆ ಮುಟ್ಟಿದಾಗ ಜುಮ್ಮೆಂದರೆ ಮುಖ್ಯ ಸ್ವಿಚ್ ಆರಿಸಿ ಕೆಲಸಗಾರರನ್ನು ಕರೆಸಬೇಕು. ಕಡಿದುಬಿದ್ದ ತಂತಿಯನ್ನು ಮುಟ್ಟದೆ 1912ಕ್ಕೆ ಕರೆ ಮಾಡಬೇಕು.

ಮನೆ ಬಿಡಬೇಕಾದ ಲಕ್ಷಣಗಳು

ಗೋಡೆಯ ಬಿರುಕು ದಿನದಿಂದ ದಿನಕ್ಕೆ ಅಗಲವಾಗುವುದು, ಗೋಡೆ ಹೊಟ್ಟೆ ಬಿಡುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಮನೆಯ ಹಿಂದಿನ ಬರೆಯಲ್ಲಿ ಹೊಸ ಸೀಳು ಕಾಣುವುದು ಅಥವಾ ಕೆಸರು ನೀರು ಒಸರುವುದು: ಇವುಗಳಲ್ಲಿ ಒಂದು ಕಂಡರೂ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಬರೆಯ ಲಕ್ಷಣ ಕಂಡರೆ ಇಡೀ ಮನೆಯನ್ನೇ ತೆರವು ಮಾಡಿ 1077ಕ್ಕೆ ತಿಳಿಸಬೇಕು.

ಮಳೆಯಿಂದ ಹಾನಿಯಾದರೆ, ತೆರವು ಮಾಡುವ ಮುನ್ನ ಚಿತ್ರ ತೆಗೆದಿರಿಸಿ, ದಿನಾಂಕ ಸಹಿತ ವಿಲೇಜ್ ಆಫೀಸಿಗೆ ಅರ್ಜಿ ಕೊಡಬೇಕು. ಮಲಯಾಳ ಬಾರದೆಂಬ ಸಂಕೋಚದಿಂದ ಅರ್ಜಿಯನ್ನೇ ಕೊಡದವರು ನಮ್ಮಲ್ಲಿ ಇದ್ದಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಅರ್ಜಿಯ ಪ್ರತಿಯೊಂದನ್ನು ಕೈಯಲ್ಲಿ ಇಟ್ಟುಕೊಂಡು ಸ್ವೀಕೃತಿ ಪಡೆಯಬೇಕು.

ಪಕ್ಕಾಸು, ರೀಪು, ದಂಬೆ, ಕಣಿ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಏಣಿಯಿಂದ ದೂರ, ಅಂಗಳದಲ್ಲಿ ನಿಲ್ಲಿಸಿ ಒಂದೊಂದನ್ನೂ ತೋರಿಸಿ ಹೆಸರು ಹೇಳಬೇಕು. ಯಾವ ಭಾಗಕ್ಕೆ ಏನೆನ್ನುತ್ತಾರೆಂದು ಬಲ್ಲವರಿಗೆ ಅದು ಕೆಡುತ್ತಿರುವುದೂ ಬೇಗ ಕಣ್ಣಿಗೆ ಬೀಳುತ್ತದೆ.